ದೇವಮ್ಮಾಜಿಯ ಪಾಲು

ಮಡಿಕೇರಿಯ ಗದ್ದಿಗೆಯನ್ನು ನಾವು ಮೊದಲು ನೋಡಿದ್ದು ಹೈಸ್ಕೂಲಿನ ಪ್ರವಾಸದಲ್ಲಿ. ಪುತ್ತೂರಿನಿಂದ ನಸುಕಿನಲ್ಲಿ ಹೊರಟ ಬಸ್ಸು ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತುವಷ್ಟರಲ್ಲಿ ಅರ್ಧ ಮಕ್ಕಳಿಗೆ ತಲೆ ಸುತ್ತಿತ್ತು. ಇಳಿದು ನೋಡಿದರೆ ಎದುರಿಗೆ ದೊಡ್ಡ ಗುಮ್ಮಟಗಳು, ಮೂಲೆಗಳಲ್ಲಿ ಮಿನಾರುಗಳು. ನಮ್ಮ ಜೊತೆಗಿದ್ದ ಹುಡುಗನೊಬ್ಬ ಅದು ಯಾವುದೋ ದರ್ಗಾ ಎಂದುಕೊಂಡು ಚಪ್ಪಲಿ ಬಿಟ್ಟು ತಲೆಗೆ ಕರ್ಚೀಫು ಕಟ್ಟಿಕೊಂಡ. ಮೇಷ್ಟ್ರು ನಕ್ಕು, "ಇದು ಲಿಂಗಾಯತ ಅರಸರ ಸಮಾಧಿ ಮಾರಾಯ. ಆದರೂ ಚಪ್ಪಲಿ ಬಿಟ್ಟದ್ದು ಒಳ್ಳೆಯದೇ ಆಯಿತು" ಎಂದರು.

ಆ ಗುಮ್ಮಟಗಳಲ್ಲಿ ಒಂದರ ಕೆಳಗೆ ದೊಡ್ಡವೀರರಾಜೇಂದ್ರ ಮತ್ತು ಆತನ ರಾಣಿ ಮಹದೇವಮ್ಮಾಜಿ ಇದ್ದಾರೆ. ಇನ್ನೊಂದರ ಕೆಳಗೆ ಆತನ ತಮ್ಮ ಲಿಂಗರಾಜೇಂದ್ರ. ಅಣ್ಣನ ಆಳ್ವಿಕೆ 1809ಕ್ಕೆ ಮುಗಿಯಿತು, ತಮ್ಮನ ಆಳ್ವಿಕೆ 1811ಕ್ಕೆ ಆರಂಭವಾಯಿತು. ನಡುವಿನ ಎರಡು ವರ್ಷ ಯಾರದ್ದು? ಈ ಪ್ರಶ್ನೆ ಅಂದು ನಮಗೆ ಹೊಳೆಯಲಿಲ್ಲ. ಮೇಷ್ಟ್ರೂ ಹೇಳಲಿಲ್ಲ. ಎಷ್ಟೋ ವರ್ಷಗಳ ಬಳಿಕ ಮತ್ತೆ ಅಲ್ಲಿಗೆ ಹೋದಾಗ ಆ ಎರಡು ವರ್ಷಗಳ ಒಡತಿಯ ಹೆಸರು ನಮಗೆ ಗೊತ್ತಿತ್ತು. ಆಕೆಗಾಗಿ ಕಟ್ಟಿದ ಗುಮ್ಮಟವನ್ನು ಹುಡುಕಿದೆವು. ಕಾಣಲಿಲ್ಲ.

ಆಕೆಯ ಹೆಸರು ದೇವಮ್ಮಾಜಿ. ದೊಡ್ಡವೀರರಾಜೇಂದ್ರನ ಹಿರಿಯ ಮಗಳು. ಮಾಸ್ತಿಯವರ 'ಚಿಕವೀರ ರಾಜೇಂದ್ರ' ಓದಿದವರಿಗೆ ಇನ್ನೊಬ್ಬ ದೇವಮ್ಮಾಜಿ ನೆನಪಾಗಬಹುದು. ಆಕೆ ಕೊಡಗಿನ ಕೊನೆಯ ಅರಸನ ತಂಗಿ, ಗಂಡನೊಡನೆ ಮೈಸೂರಿಗೆ ಓಡಿಹೋಗಿ ಇಂಗ್ಲಿಷರ ಆಶ್ರಯ ಕೇಳಿದವಳು. ನಾವು ಹೇಳುತ್ತಿರುವುದು ಅವಳಿಗಿಂತ ಮೊದಲಿನ ದೇವಮ್ಮಾಜಿಯ ವಿಷಯ. ಎರಡನೆಯವಳಿಗೆ ಒಂದು ಕಾದಂಬರಿಯಲ್ಲಿ ಜಾಗ ಸಿಕ್ಕಿತು. ಮೊದಲನೆಯವಳಿಗೆ ಇತಿಹಾಸದ ಪುಸ್ತಕಗಳಲ್ಲಿ ಎರಡು ಸಾಲು ಸಿಕ್ಕಿವೆ.

ಕೊಡಗಿನ ಅರಸು ಮನೆತನದ ಮಾತು ಪುತ್ತೂರಿನವರಾದ ನಮಗೇಕೆ ಎಂದು ಓದುಗರು ಕೇಳಬಹುದು. ಪುತ್ತೂರು ಮತ್ತು ಅಮರ ಸುಳ್ಯದ ಮಾಗಣೆಗಳು 1834ರವರೆಗೆ ಹಾಲೇರಿ ಅರಸರ ಕೈಯಲ್ಲಿದ್ದವು. ನಮ್ಮ ಅಜ್ಜಂದಿರ ಅಜ್ಜಂದಿರು ಕಂದಾಯ ಕಟ್ಟಿದ್ದು ಮಡಿಕೇರಿಯ ಅರಮನೆಗೆ. ಆ ಲೆಕ್ಕದಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗಿಯೊಬ್ಬಳು ಎರಡು ವರ್ಷ ನಮ್ಮ ಊರಿನ ರಾಣಿಯಾಗಿದ್ದಳು. ನಮ್ಮ ಸೀಮೆಯಲ್ಲಿ ಅದನ್ನು ನೆನೆಯುವವರು ಯಾರೂ ಇಲ್ಲ.

ಕಥೆಯನ್ನು ಸ್ವಲ್ಪ ಹಿಂದಿನಿಂದ ಹೇಳಬೇಕು. 1780ರಲ್ಲಿ ದೇವಮ್ಮಾಜಿಯ ಅಜ್ಜ, ಹಿರಿಯ ಲಿಂಗರಾಜ ತೀರಿಕೊಂಡಾಗ ಆತನ ಗಂಡುಮಕ್ಕಳು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲ. ಮೈಸೂರಿನ ಹೈದರಾಲಿ ತಾನೇ ಆ ಮಕ್ಕಳ ಪೋಷಕನೆಂದು ಹೇಳಿ ಕೊಡಗನ್ನು ವಶಕ್ಕೆ ತೆಗೆದುಕೊಂಡ. ಮಕ್ಕಳನ್ನು ಗೊರೂರಿನ ಕೋಟೆಗೆ ಕಳುಹಿಸಲಾಯಿತು. ಟಿಪ್ಪುವಿನ ಕಾಲದಲ್ಲಿ ಅವರನ್ನು ಪಿರಿಯಾಪಟ್ಟಣದಲ್ಲಿ ಇಡಲಾಯಿತು. ಹೈದರ್ ಮತ್ತು ಟಿಪ್ಪು ಇಂಗ್ಲಿಷರ ವಿರುದ್ಧ ನಿಂತವರೆಂಬ ಅಭಿಮಾನ ನಮಗಿದೆ. ಆ ಅಭಿಮಾನಕ್ಕಾಗಿ ಈ ಸಂಗತಿಯನ್ನು ಮುಚ್ಚಿಡಬೇಕಾಗಿಲ್ಲ. ಪೋಷಕನೆಂಬ ಹೆಸರಿನಲ್ಲಿ ಮಕ್ಕಳ ರಾಜ್ಯವನ್ನು ಇಟ್ಟುಕೊಂಡದ್ದು ತಪ್ಪು. ಮಾಡಿದವರು ಯಾರೇ ಆಗಲಿ, ಅದು ತಪ್ಪೇ.

1788ರ ಡಿಸೆಂಬರಿನಲ್ಲಿ ದೊಡ್ಡವೀರರಾಜೇಂದ್ರ ಪಿರಿಯಾಪಟ್ಟಣದಿಂದ ತಪ್ಪಿಸಿಕೊಂಡ. ಜೊತೆಯಲ್ಲಿ ಹೆಂಡತಿ, ತಮ್ಮಂದಿರಾದ ಲಿಂಗರಾಜ ಮತ್ತು ಅಪ್ಪಾಜಿ ಇದ್ದರು. ಕೊಡಗಿನ ಜನ ಆತನ ಬೆನ್ನಿಗೆ ನಿಂತರು. ಆತ ಇಂಗ್ಲಿಷರ ಸ್ನೇಹ ಬೆಳೆಸಿ ರಾಜ್ಯವನ್ನು ಮರಳಿ ಪಡೆದ, ವೀರರಾಜಪೇಟೆಯನ್ನು ಕಟ್ಟಿಸಿದ, ನಾಲ್ಕುನಾಡಿನಲ್ಲಿ ಅರಮನೆ ಕಟ್ಟಿಸಿದ. ಆ ಅರಮನೆಯಲ್ಲೇ 1796ರಲ್ಲಿ ಮಹದೇವಮ್ಮಾಜಿಯನ್ನು ಮದುವೆಯಾದ. ಹುಟ್ಟಿದ್ದು ಹೆಣ್ಣುಮಕ್ಕಳು. 1807ರಲ್ಲಿ ರಾಣಿ ತೀರಿಕೊಂಡಳು. ಅರಸನಿಗೆ ಮನಸ್ಸಿನ ಸ್ವಾಸ್ಥ್ಯ ತಪ್ಪಿತು, ಸಂಶಯ ಹೆಚ್ಚಿತು, ಆ ಸಂಶಯಕ್ಕೆ ಎಷ್ಟೋ ಜನರ ತಲೆ ಹೋಯಿತು. ಆದರೆ ಒಂದು ವಿಷಯದಲ್ಲಿ ಆತನ ಬುದ್ಧಿ ಕದಲಲಿಲ್ಲ. ತನ್ನ ನಂತರ ಹಿರಿಮಗಳು ದೇವಮ್ಮಾಜಿಯೇ ಪಟ್ಟಕ್ಕೆ ಬರಬೇಕು ಎಂದು ಆತ ಬಯಸಿದ.

1809ರಲ್ಲಿ ಆತ ಸತ್ತ. ದೇವಮ್ಮಾಜಿ ರಾಣಿಯಾದಳು. ಅವಳ ಪರವಾಗಿ ರಾಜ್ಯಭಾರ ನೋಡಲು ಚಿಕ್ಕಪ್ಪ ಲಿಂಗರಾಜ ನಿಂತ. 1811ರಲ್ಲಿ ಆ ಚಿಕ್ಕಪ್ಪ ಇನ್ನು ಮುಂದೆ ತಾನೇ ಅರಸನೆಂದು ಸಾರಿದ. ಟಿಪ್ಪುವಿನ ವಿರುದ್ಧ ದೊಡ್ಡವೀರರಾಜೇಂದ್ರನ ಸಹಾಯ ಪಡೆದಿದ್ದ ಕಂಪೆನಿ ಸರಕಾರ ಆತನ ಮಗಳ ಸಹಾಯಕ್ಕೆ ಬರಲಿಲ್ಲ.

ಈ ಕಥೆಯಲ್ಲಿ ನಮ್ಮನ್ನು ಬಹಳ ಕಾಡುವುದು ಲಿಂಗರಾಜನೇ. ಗೊರೂರಿನ ಕೋಟೆಯಲ್ಲಿ, ಪಿರಿಯಾಪಟ್ಟಣದಲ್ಲಿ ಬೆಳೆದ ಹುಡುಗ ಅವನು. ಪೋಷಕನೆಂದು ಬಂದವನು ಮಾಲೀಕನಾದರೆ ಮಕ್ಕಳ ಗತಿ ಏನಾಗುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದವನಲ್ಲ, ಅನುಭವಿಸಿದವನು. ಅದೇ ಹುಡುಗ ದೊಡ್ಡವನಾಗಿ ಅಣ್ಣನ ಮಗಳಿಗೆ ಅದನ್ನೇ ಮಾಡಿದ. ನೋವು ಉಂಡವನಿಗೆ ಇನ್ನೊಬ್ಬರ ನೋವು ತಿಳಿಯುತ್ತದೆ ಎಂದು ನಾವು ಕಥೆ ಬರೆಯುವವರು ಸುಲಭವಾಗಿ ಬರೆದುಬಿಡುತ್ತೇವೆ. ನೋವು ಕೆಲವರಿಗೆ ದಯೆ ಕಲಿಸುತ್ತದೆ. ಕೆಲವರಿಗೆ ಅದು ಕಲಿಸುವುದು ಉಪಾಯವನ್ನು ಮಾತ್ರ.

ಲಿಂಗರಾಜನ ಪರವಾಗಿ ವಾದಿಸಲು ಬೇಕಾದಷ್ಟಿದೆ. ರಾಜ್ಯದ ಪಕ್ಕದಲ್ಲೇ ಕಂಪೆನಿ ಕುಳಿತಿತ್ತು. ಸಿಂಹಾಸನದ ಮೇಲೆ ಮಗು. ಮಗುವಿನ ಹೆಸರಿನಲ್ಲಿ ಯಾರು ಯಾರೋ ಆಳುವುದಕ್ಕಿಂತ ಬಲ್ಲವನೊಬ್ಬ ನೇರವಾಗಿ ಆಳುವುದು ಪ್ರಜೆಗಳಿಗೆ ಮೇಲಲ್ಲವೇ? ಆತ ಕೈಲಾಗದವನೂ ಆಗಿರಲಿಲ್ಲ. ಭೂಮಿಯ ಅಳತೆ ಮಾಡಿಸಿ, ಕಂದಾಯದ ಶಿಸ್ತು ಗೊತ್ತುಮಾಡಿ, ಹುಕುಂನಾಮೆ ಹೊರಡಿಸಿದ. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಕಟ್ಟಿಸಿದವನೂ ಅವನೇ. ಈ ವಾದಗಳು ಪೊಳ್ಳಲ್ಲ ಎಂಬುದೇ ಇಲ್ಲಿನ ಕಷ್ಟ. ಅನ್ಯಾಯಕ್ಕೆ ಯಾವಾಗಲೂ ಒಂದು ಒಳ್ಳೆಯ ಕಾರಣ ಜೊತೆಗಿರುತ್ತದೆ. ಪ್ರಜೆಗಳ ಒಬ್ಬೊಬ್ಬರ ಗದ್ದೆಯ ಗಡಿಯನ್ನೂ ಅಳೆಸಿ ಬರೆಸಿದ ಅರಸನಿಗೆ ತನ್ನ ಕಾಲ ಕೆಳಗಿನ ನೆಲ ಯಾರ ಪಾಲು ಎಂದು ಮಾತ್ರ ಅಳೆದು ನೋಡಲಾಗಲಿಲ್ಲ.

ದೇವಮ್ಮಾಜಿ ಏನೆಂದಳು? ಒಪ್ಪಿದಳೇ? ಒಪ್ಪಿದ್ದಳು ಎಂದೇ ಇಟ್ಟುಕೊಳ್ಳೋಣ. ತಂದೆತಾಯಿ ಇಲ್ಲದ ಮಗು. ಉಣ್ಣುವ ಅನ್ನ, ಮಲಗುವ ಕೋಣೆ, ಬಾಗಿಲಿನ ಕಾವಲು ಎಲ್ಲವೂ ಚಿಕ್ಕಪ್ಪನ ಕೈಯಲ್ಲಿ. ಆ ಮಗು ಆಯಿತು ಎಂದು ತಲೆ ಅಲ್ಲಾಡಿಸಿದರೆ ಅದನ್ನು ಒಪ್ಪಿಗೆ ಎನ್ನಬಹುದೇ? ನಾವು ಈ ಲೇಖನ ಬರೆಯಲು ಕುಳಿತದ್ದು ಈ ಒಂದು ಪ್ರಶ್ನೆಗಾಗಿ. ಅದು ನಮಗೆ ಅರಮನೆಯಿಂದ ಬಂದ ಪ್ರಶ್ನೆಯಲ್ಲ. ನಮ್ಮ ಮನೆಯ ಜಗಲಿಯಿಂದ ಬಂದದ್ದು.

ಬೆಳ್ಳಾರೆಯ ಹತ್ತಿರ ನಮ್ಮ ಅಜ್ಜನ ಒಂದೂವರೆ ಎಕರೆ ಅಡಿಕೆ ತೋಟವಿತ್ತು. ಅಜ್ಜನಿಗೆ ಇಬ್ಬರು ಮಕ್ಕಳು. ನಮ್ಮ ಫುಪ್ಪು ಹಿರಿಯವರು, ಅಬ್ಬಾ ಕಿರಿಯವರು. ಫುಪ್ಪುವನ್ನು ಕಡಬದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಅಜ್ಜ ತೀರಿಕೊಂಡ ಮರುವರ್ಷ, ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅವರು ಒಂದು ಬೆಳಿಗ್ಗೆ ಪಂಜದ ದಾರಿಯಾಗಿ ಬಸ್ಸಿನಲ್ಲಿ ಬಂದಿಳಿದರು. ಅಬ್ಬಾ ಬರಹೇಳಿ ಕಳುಹಿಸಿದ್ದರು. ಅಮ್ಮಿ ಆ ದಿನ ಕೋಳಿಸಾರು ಮಾಡಿದ್ದರು, ಹೊಸ ಸೀರೆಯೊಂದು ತಂದಿಟ್ಟಿದ್ದರು. ಊಟಕ್ಕೆ ಮೊದಲು ಅಬ್ಬಾ ಛಾಪಾ ಕಾಗದ ತೆಗೆದು, "ಆಪಾ, ಇಲ್ಲೊಂದು ದಸ್ಕತ್ತು ಬೇಕಿತ್ತು" ಎಂದರು.

ಫುಪ್ಪುವಿಗೆ ಉರ್ದು ಚೆನ್ನಾಗಿ ಬರುತ್ತಿತ್ತು. ಕನ್ನಡ ಮಾತಾಡುತ್ತಿದ್ದರು, ಓದಲು ಬರುತ್ತಿರಲಿಲ್ಲ. ನಾವು ಎರಡೂ ಕಲಿತವರು. ಅವರು ಕಾಗದವನ್ನು ನಮ್ಮ ಕಡೆ ಚಾಚಿ, "ಏನು ಬರೆದಿದೆ ಬೇಟಾ, ಓದು" ಎಂದರು. ಅದು ಹಕ್ಕು ಖುಲಾಸೆ ಪತ್ರ. ತಂದೆಯ ಆಸ್ತಿಯಲ್ಲಿ ತನಗೆ ಬರಬೇಕಾದ ಪಾಲನ್ನು ಸ್ವಸಂತೋಷದಿಂದ ತಮ್ಮನಿಗೆ ಬಿಟ್ಟುಕೊಟ್ಟಿರುವುದಾಗಿ ಅದರಲ್ಲಿ ಬರೆದಿತ್ತು. ನಾವು ಅಬ್ಬಾನ ಮುಖ ನೋಡಿದೆವು. ಅವರು ಬೈಯಲಿಲ್ಲ, ಕಣ್ಣು ಕೆಂಪು ಮಾಡಲಿಲ್ಲ, ಬಾಗಿಲ ಕಡೆ ನೋಡುತ್ತಿದ್ದರು. "ತೋಟದ ತೀರ್ವೆಯ ಕಾಗದ ಫುಪ್ಪು" ಎಂದೆವು. ಅವರು ಉರ್ದುವಿನಲ್ಲಿ ನಿಧಾನವಾಗಿ ಹೆಸರು ಬರೆದರು. ಆಮೇಲೆ ಅಬ್ಬಾನ ಜೊತೆ ನೋಂದಣಿ ಕಚೇರಿಗೂ ಹೋಗಿ ಹೆಬ್ಬೆರಳು ಒತ್ತಿ ಬಂದರು. ಸಂಜೆ ಹೊಸ ಸೀರೆ ಹಿಡಿದು ಬಸ್ಸು ಹತ್ತಿದರು.

ಅವರಿಗೆ ಗೊತ್ತಿರಲಿಲ್ಲ ಎಂದು ನಾವು ಬಹಳ ವರ್ಷ ನಂಬಿದ್ದೆವು. ಅವರ ಕೊನೆಯ ಕಾಯಿಲೆಯಲ್ಲಿ ನೋಡಲು ಹೋದಾಗ ಅವರೇ ಆ ಮಾತು ತೆಗೆದರು. "ತೀರ್ವೆಯ ಕಾಗದಕ್ಕೆ ಯಾರಾದರೂ ಹೊಸ ಸೀರೆ ಕೊಡುತ್ತಾರೆಯೇ ಬೇಟಾ? ನನಗೆ ಗೊತ್ತಿತ್ತು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಅಬ್ಬಾ ಇಲ್ಲದ ಮೇಲೆ ನನಗೆ ಇದ್ದದ್ದು ಅದೊಂದು ಬಾಗಿಲು." ಇಷ್ಟು ಹೇಳಿ ನಮಗೆ ಚಹಾ ಕೊಡಲು ಸೊಸೆಯನ್ನು ಕರೆದರು.

ಗೊತ್ತಿದ್ದೂ ಸಹಿ ಹಾಕಿದರು ಎಂದರೆ ನಮ್ಮ ತಪ್ಪು ಕಡಿಮೆಯಾಯಿತೇ? ಕಾನೂನಿನ ಕಣ್ಣಿಗೆ ಕಡಿಮೆ ಆಗಬಹುದು. ನಮಗೆ ಹಾಗೆ ಅನ್ನಿಸಲಿಲ್ಲ. ಫುಪ್ಪು ಕೊಟ್ಟದ್ದು ತೋಟವನ್ನಲ್ಲ. ಬಾಗಿಲು ತೆರೆದಿರಲಿ ಎಂದು ಕಟ್ಟಿದ ಸುಂಕವನ್ನು. ಬೇಡ ಎಂದರೂ ನಷ್ಟವಿಲ್ಲದ ಕಡೆ ಬರುವ 'ಹೂಂ' ಒಪ್ಪಿಗೆ. ಬೇಡ ಎಂದರೆ ತವರೇ ಹೋಗುತ್ತದೆ ಎಂಬಲ್ಲಿ ಬರುವ 'ಹೂಂ' ಭಯ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ರೀತಿ ಕಾಣುತ್ತವೆ, ಛಾಪಾ ಕಾಗದದಲ್ಲೂ ಎರಡಕ್ಕೂ ಒಂದೇ ಒಕ್ಕಣೆ, ಸ್ವಸಂತೋಷದಿಂದ.

ಕುರ್‌ಆನಿನ ನಿಸಾ ಅಧ್ಯಾಯದ ಆರಂಭದಲ್ಲೇ ಅನಾಥ ಮಕ್ಕಳ ಆಸ್ತಿಯ ಮಾತು ಬರುತ್ತದೆ. ಅದರ ಹಿಂದೆಯೇ ಹೆಣ್ಣುಮಕ್ಕಳ ಪಾಲಿನ ಮಾತು. ಈ ಎರಡು ವಿಷಯಗಳು ಅಕ್ಕಪಕ್ಕದಲ್ಲಿ ಇರುವುದು ಆಕಸ್ಮಿಕವಲ್ಲ ಎಂದು ನಮಗೆ ಈಗ ತೋರುತ್ತದೆ. ಎರಡು ಕಡೆಯೂ ಸೊತ್ತು ಒಬ್ಬರದ್ದು, ಲೆಕ್ಕದ ಪುಸ್ತಕ ಇನ್ನೊಬ್ಬರ ಕೈಯಲ್ಲಿ. ನಮ್ಮಲ್ಲಿ ಹೆಣ್ಣಿಗೆ ಹದಿನಾಲ್ಕು ಶತಮಾನಗಳ ಹಿಂದೆಯೇ ಪಾಲು ಕೊಟ್ಟಿದ್ದಾರೆ ಎಂದು ನಾವು ವೇದಿಕೆಗಳಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಅದೇ ವೇದಿಕೆಯಿಂದ ಇಳಿದು ಮನೆಗೆ ಹೋಗಿ ಅಕ್ಕನಿಂದ ಸಹಿ ಹಾಕಿಸುತ್ತೇವೆ.

ಇದು ನಮ್ಮೊಬ್ಬರ ಮನೆಯ ಕಾಯಿಲೆಯೂ ಅಲ್ಲ. ತುಳುನಾಡಿನ ಅಳಿಯಸಂತಾನ ಕಟ್ಟಿನಲ್ಲಿ ಆಸ್ತಿ ನಡೆಯುತ್ತಿದ್ದದ್ದೇ ಹೆಣ್ಣಿನ ಸಂತತಿಯ ಮೂಲಕ. ಅಲ್ಲಿಯೂ ಬಹಳಷ್ಟು ಮನೆಗಳಲ್ಲಿ ಯಜಮಾನಿಕೆ ಸೋದರಮಾವನ ಕೈಯಲ್ಲಿತ್ತು. 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು ಬಂತು. ಆದರೂ ನಮ್ಮ ನೆರೆಯ ಮನೆಗಳ ಅಕ್ಕಂದಿರು ತವರಿನಿಂದ ಕರೆ ಬಂದಾಗ ಹೋಗಿ ಸಹಿ ಹಾಕಿ, ಕುಪ್ಪಸದ ಕಣ ಹಿಡಿದು ಬರುವುದನ್ನು ನಾವು ನೋಡುತ್ತಲೇ ಇದ್ದೇವೆ. ಕಾನೂನು ಹಕ್ಕನ್ನು ಕೊಡಬಹುದು. ಆ ಹಕ್ಕನ್ನು ಕೇಳಿದವಳಿಗೆ ಜಗಲಿಯಲ್ಲಿ ಕುರ್ಚಿ ಹಾಕುವುದು ಕಾನೂನಿನ ಕೈಯಲ್ಲಿಲ್ಲ.

ಎಲ್ಲ ಪೋಷಕರೂ ಹೀಗೆಯೇ ಎಂದರೆ ಅದು ಸುಳ್ಳು. ನಮ್ಮ ಬಿಜಾಪುರದಲ್ಲೇ ಬೇರೆ ಉದಾಹರಣೆ ಇದೆ. 1580ರಲ್ಲಿ ಅಲಿ ಆದಿಲ್‌ಶಾಹನ ಕೊಲೆಯಾದಾಗ ಪಟ್ಟಕ್ಕೆ ಬಂದ ಇಬ್ರಾಹಿಮನಿಗೆ ಒಂಬತ್ತು ವರ್ಷ. ಆತನ ಪರವಾಗಿ ನಿಂತವಳು ಅಲಿಯ ವಿಧವೆ ಚಾಂದ್ ಬೀಬಿ. ದರ್ಬಾರಿನ ಸರದಾರರು ಒಬ್ಬರ ಮೇಲೊಬ್ಬರು ಅಧಿಕಾರ ಕಿತ್ತುಕೊಂಡರು, ಅವಳನ್ನೇ ಸತಾರದ ಕೋಟೆಯಲ್ಲಿ ಸೆರೆ ಇಟ್ಟರು. ಬಿಡುಗಡೆಯಾಗಿ ಬಂದವಳು ಮತ್ತೆ ಹುಡುಗನ ಪಕ್ಕದಲ್ಲೇ ನಿಂತಳು. ಆ ಹುಡುಗ ಬೆಳೆದು 1627ರವರೆಗೆ ಆಳಿದ. ಆಮೇಲೆ ತವರಾದ ಅಹಮದ್‌ನಗರದಲ್ಲಿ ಇನ್ನೊಂದು ಮಗುವಿನ ಪರವಾಗಿ ಅವಳು ಮೊಗಲರ ಸೈನ್ಯದೆದುರು ಕೋಟೆ ಕಾದಳು. 1600ರಲ್ಲಿ ತನ್ನವರ ಕೈಯಿಂದಲೇ ಸತ್ತಳು. ಎರಡು ಸಿಂಹಾಸನಗಳು ಅವಳ ಕೈಗೆ ಎಟುಕುವಷ್ಟು ಹತ್ತಿರದಲ್ಲಿದ್ದವು. ಎರಡರ ಮೇಲೂ ಅವಳು ಕೂರಲಿಲ್ಲ. ಅಮಾನತ್ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ನಮಗೆ ಗೊತ್ತಿಲ್ಲ.

ದೇವಮ್ಮಾಜಿಯ ಕಥೆ ಹಾಗೆ ಮುಗಿಯಲಿಲ್ಲ. 1820ರಲ್ಲಿ ಲಿಂಗರಾಜ ಸತ್ತು ಆತನ ಮಗ ಚಿಕ್ಕವೀರರಾಜೇಂದ್ರ ಪಟ್ಟವೇರಿದ. ತಂದೆ ಕಸಿದುಕೊಂಡದ್ದನ್ನು ಮಗ ಕಾಯಬೇಕಾಯಿತು. ಕಸಿದ ಸೊತ್ತನ್ನು ಕಾಯುವವನಿಗೆ ಹಕ್ಕುದಾರರು ಬದುಕಿರುವಷ್ಟು ಕಾಲ ನಿದ್ದೆ ಇಲ್ಲ. ಆತ ತನ್ನ ದೊಡ್ಡಪ್ಪನ ಸಂತತಿಯನ್ನು ಒಬ್ಬರನ್ನೂ ಬಿಡದೆ ಕೊಲ್ಲಿಸಿದ. ದೇವಮ್ಮಾಜಿಯೂ ಅವರಲ್ಲೊಬ್ಬಳು. 1834ರ ಏಪ್ರಿಲಿನಲ್ಲಿ ಇಂಗ್ಲಿಷರು ಆತನನ್ನು ಪದಚ್ಯುತಗೊಳಿಸಿದರು, ಮೇ ತಿಂಗಳಲ್ಲಿ ಕೊಡಗು ಕಂಪೆನಿಯದ್ದಾಯಿತು. ನಮ್ಮ ಪುತ್ತೂರು, ಸುಳ್ಯದ ಮಾಗಣೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿದರು.

ಆಮೇಲೆ ನಡೆದದ್ದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಧಾನ್ಯದ ರೂಪದಲ್ಲಿದ್ದ ಕಂದಾಯವನ್ನು ಹಣದ ರೂಪದಲ್ಲಿ ಕಟ್ಟಬೇಕೆಂದಾಗ ರೈತರು ಸಿಡಿದೆದ್ದರು. 1837ರಲ್ಲಿ ಬೆಳ್ಳಾರೆಯ ಖಜಾನೆ ವಶವಾಯಿತು, ದಂಡು ಪುತ್ತೂರು ದಾಟಿ ಮಂಗಳೂರು ತಲುಪಿತು, ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಮುಂದಾಳುಗಳಲ್ಲಿ ಒಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ 2022ರಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ಎದ್ದಿತು. ನಮಗೂ ಅದು ಹೆಮ್ಮೆಯ ವಿಷಯ. ಆದರೆ ಆ ಹೋರಾಟದ ಒಂದು ಸಂಗತಿಯ ಮುಂದೆ ನಾವು ಯಾವಾಗಲೂ ನಿಂತುಬಿಡುತ್ತೇವೆ. ಜನ ಒಟ್ಟಾಗಲು ಹಾಲೇರಿ ವಂಶದ ಒಬ್ಬ ಅರಸ ಬೇಕಿತ್ತು. ಇರಲಿಲ್ಲ. ಆದ್ದರಿಂದ ಪುಟ್ಟಬಸಪ್ಪ ಎಂಬ ರೈತನನ್ನು ಕಲ್ಯಾಣಸ್ವಾಮಿ ಎಂದು ಕರೆದು ರಾಜಕುಮಾರನ ಜಾಗದಲ್ಲಿ ನಿಲ್ಲಿಸಿದರು. ಆತ ಆ ಹೆಸರನ್ನು ಹೊತ್ತು ಮಂಗಳೂರಿನಲ್ಲಿ ಗಲ್ಲಿಗೇರಿದ. ಪುಟ್ಟಬಸಪ್ಪನ ಧೈರ್ಯ ದೊಡ್ಡದು. ಆದರೂ ಅವನು ಇನ್ನೊಬ್ಬನ ಹೆಸರಿನಲ್ಲಿ ಸಾಯಬೇಕಾಗಿ ಬಂದದ್ದರ ಹಿಂದೆ 1811ರ ಆ ದಿನವೂ ಇದೆ. ಮನೆಯೊಳಗೆ ಒಬ್ಬ ಹುಡುಗಿಯ ಪಾಲು ಕಸಿದಾಗ ಅದು ಆ ಮನೆಯ ಮಾತು ಎಂದು ಊರು ಸುಮ್ಮನಿತ್ತು. ಇಪ್ಪತ್ತಾರು ವರ್ಷಗಳ ಬಳಿಕ ಊರಿಗೆ ಅರಸು ಬೇಕಾದಾಗ ಮನೆಯೇ ಖಾಲಿಯಾಗಿತ್ತು.

ಮೊನ್ನೆ ಮೊನ್ನೆ ಅಬ್ಬಾನ ನಂತರದ ಪಾಲಿನ ಮಾತು ನಮ್ಮ ಮನೆಗೂ ಬಂತು. ಅಮ್ಮಿ ಮೊದಲೇ ಹೋಗಿದ್ದಾರೆ. ನಾವು ಇಬ್ಬರು ಅಣ್ಣತಮ್ಮಂದಿರು, ಒಬ್ಬಳು ತಂಗಿ. ಶರೀಅತ್ತಿನ ಲೆಕ್ಕದಲ್ಲಿ ಐದು ಪಾಲು, ಗಂಡುಮಕ್ಕಳಿಗೆ ಎರಡೆರಡು, ತಂಗಿಗೆ ಒಂದು. ಒಂದೂವರೆ ಎಕರೆಗೆ ಅವಳದ್ದು ಮೂವತ್ತು ಸೆಂಟ್ಸ್. "ನನಗೆ ಬೇಡ ಭಾಯ್, ನೀವೇ ಇಟ್ಟುಕೊಳ್ಳಿ" ಎಂದು ಅವಳು ಫೋನಿನಲ್ಲೇ ಹೇಳಿಬಿಟ್ಟಳು. ಅಣ್ಣನಿಗೆ ಹಗುರವಾಯಿತು. ನಮಗೆ ಫುಪ್ಪುವಿನ ಮಾತು ನೆನಪಾಯಿತು. ದಾನ ಕೊಡುವುದಕ್ಕೂ ನಮ್ಮಲ್ಲಿ ಒಂದು ನಿಯಮವಿದೆ. ತನ್ನ ಕೈಗೆ ಬಂದ ವಸ್ತುವನ್ನು ಕೊಟ್ಟು, ಪಡೆಯುವವನ ಕೈಗೆ ಸೇರಿಸಿದಾಗಲೇ ಹಿಬಾ ಪೂರ್ತಿಯಾಗುತ್ತದೆ. ಹಾಗಾದರೆ ಮೊದಲು ಅವಳ ಕೈಗೆ ಬರಲಿ ಎಂದೆವು. ಗಡಿಕಲ್ಲು ಹಾಕಿ, ಪಹಣಿಯಲ್ಲಿ ಅವಳ ಹೆಸರು ಏರಲಿ. ಎರಡು ಮಳೆಗಾಲ ಅಡಿಕೆಯ ಹಣ ಅವಳೇ ಎಣಿಸಲಿ. ಆಮೇಲೂ ಕೊಡುವ ಮನಸ್ಸಿದ್ದರೆ ಕೊಡಲಿ, ಅದು ಕೊಡುಗೆ.

ಅಷ್ಟಕ್ಕೆ ನಿಂತಿದ್ದರೆ ನಮಗೂ ಸುಲಭವಿತ್ತು. ಆದರೆ ಆ ಒಂದೂವರೆ ಎಕರೆಯೇ ತಪ್ಪು ಲೆಕ್ಕ. ಅದರಲ್ಲಿ ಮೂರನೇ ಒಂದು ಪಾಲು, ಐವತ್ತು ಸೆಂಟ್ಸ್, ಫುಪ್ಪುವಿನದ್ದು. ಅಣ್ಣ, "ಅವರೇ ಸಹಿ ಹಾಕಿದ್ದಾರಲ್ಲ?" ಎಂದ. ಆಗ ನಾವು ಆ ದಿನದ ಜಗಲಿಯ ಕಥೆಯನ್ನು ಮೊದಲ ಬಾರಿಗೆ ಅವನಿಗೆ ಹೇಳಿದೆವು. ಕಾಗದವನ್ನು ಓದಿದವರು ನಾವು, ಓದಿದ್ದನ್ನು ಹೇಳದವರು ನಾವು. ಅವನು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ, "ತೋಟದ ಮೇಲೆ ಸೊಸೈಟಿಯ ಸಾಲ ಇದೆ, ಅದನ್ನೂ ಪಾಲು ಮಾಡುತ್ತೀಯಾ?" ಎಂದು ಕೇಳಿದ. ಅದನ್ನೂ ಬರೆಯೋಣ, ಆದರೆ ಅದು ನಮ್ಮ ಸಾಲ, ಅವರದ್ದಲ್ಲ ಎಂದೆವು. ಅವನು ಪೂರ್ತಿ ಒಪ್ಪಿದ್ದಾನೆ ಎಂದು ಹೇಳಲಾರೆವು. ಒಪ್ಪಿಗೆಯ ಬಗ್ಗೆ ಇಷ್ಟೆಲ್ಲ ಬರೆದವರು ಅಣ್ಣನ ಮೌನವನ್ನು ಒಪ್ಪಿಗೆ ಎಂದು ಬರೆಯುವುದು ಸರಿಯಲ್ಲ.

ಅಳತೆಯ ದಿನ ಕಡಬದಿಂದ ಫುಪ್ಪುವಿನ ಮಗಳು ಬಂದಿದ್ದಳು. ಮಧ್ಯಾಹ್ನ ನಕ್ಷೆಯನ್ನೂ ಕರಡು ಪತ್ರವನ್ನೂ ಅವಳ ಮುಂದೆ ಇಟ್ಟು, ಅದರಲ್ಲಿ ಏನಿದೆ ಎಂದು ವಿವರಿಸಲು ನಾವು ಬಾಯಿ ತೆರೆದೆವು. ಅವಳು ಕಾಗದವನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. "ನನಗೆ ಕನ್ನಡ ಬರುತ್ತದೆ ಭಾಯ್. ಮನೆಗೆ ಕೊಂಡು ಹೋಗಿ ನಾನೇ ಓದಿ ಹೇಳುತ್ತೇನೆ" ಎಂದಳು. ಅವಳು ಇನ್ನೂ ಏನೂ ಹೇಳಿಲ್ಲ. ನಾವು ಕಾಯುತ್ತಿದ್ದೇವೆ.